ಶತಾವರಿ, ಮೆಂತ್ಯ, ಅತಿಮಧುರ: ಹಾರ್ಮೋನ್ ಮಾತ್ರೆಯ ಎದುರಿಟ್ಟು ನೋಡಿದರೆ

ಮೈಸೂರಿನ ದೇವರಾಜ ಮಾರುಕಟ್ಟೆ ಸುತ್ತಮುತ್ತಲಿನ ಗ್ರಂಥಿಗೆ ಅಂಗಡಿಯಲ್ಲಿ ಶತಾವರಿ ಪುಡಿ ಕೇಳಿದರೆ ಯಾರೂ ಚೀಟಿ ಕೇಳುವುದಿಲ್ಲ, ಯಾಕೆಂದು ವಿಚಾರಿಸುವುದಿಲ್ಲ. ಗಂಡು ದೇಹದಲ್ಲಿ ಹುಟ್ಟಿ ಹೆಣ್ಣಾಗಿ ಬದುಕುವ ಟ್ರಾನ್ಸ್ ಮಹಿಳೆಯರು ಮೈಯನ್ನು ಹೆಣ್ಣಿನಂತಾಗಿಸಿಕೊಳ್ಳಲು ಗಿಡಮೂಲಿಕೆಯ ಕಡೆ ವಾಲುವುದಕ್ಕೆ ಇದೇ ದೊಡ್ಡ ಕಾರಣ, ನ್ಯಾಯವಾದ ಕಾರಣವೂ ಹೌದು. ಆದರೂ ಕನ್ನಡಿ ನೋಡಿ ಅಳೆದರೆ ಆಸೆಯೇ ಕಾಣುತ್ತದೆ. ಅಳೆಯಬೇಕಾದದ್ದು ರಕ್ತದಲ್ಲಿ, ಎರಡು ಅಂಕಿಗಳಲ್ಲಿ. ಗಂಡು ದೇಹದಲ್ಲಿ ಡೆಸಿಲೀಟರಿಗೆ ಸುಮಾರು 300ರಿಂದ 1000 ನ್ಯಾನೋಗ್ರಾಂ ಇರುವ ಗಂಡು ಹಾರ್ಮೋನ್ ಟೆಸ್ಟೋಸ್ಟಿರೋನ್ 50ಕ್ಕಿಂತ ಕೆಳಗಿಳಿಯಬೇಕು. ಹೆಣ್ಣು ಹಾರ್ಮೋನ್ ಎಸ್ಟ್ರಡಿಯಾಲ್ ಮಿಲಿಲೀಟರಿಗೆ 100ರಿಂದ 200 ಪಿಕೋಗ್ರಾಂ ಆಸುಪಾಸಿಗೆ ಏರಬೇಕು. ಇವೆರಡೂ ಆಗದೆ ಮೈ ಬದಲಾಗುವುದಿಲ್ಲ. ಈ ಕೋಲಿನಲ್ಲೇ ಒಂದೊಂದನ್ನೂ ಅಳೆಯೋಣ.

ಮೊದಲು ಶತಾವರಿ, ನಮ್ಮ ಹಳ್ಳಿಗಳ 'ಹಲವು ಮಕ್ಕಳ ತಾಯಿ' ಬೇರು. ದಿನಕ್ಕೊಂದು ಟೀ ಚಮಚ ಪುಡಿಯನ್ನು ಬಿಸಿ ಹಾಲು, ಬೆಲ್ಲದ ಜೊತೆ ಕುಡಿಯುವುದು ರೂಢಿ. ಎರಡು ತಿಂಗಳಲ್ಲಿ ಎದೆ ತುಂಬಿದಂತೆ ಕಾಣುವುದುಂಟು. ಅದು ಹಾಲು ಬೆಲ್ಲದ ಕೊಬ್ಬು. ಪರೀಕ್ಷಿಸುವುದು ಸುಲಭ: ಹಾರ್ಮೋನಿನಿಂದ ಎದೆ ಬೆಳೆಯುವಾಗ ಮೊಲೆತೊಟ್ಟಿನ ಹಿಂದೆ ನಾಣ್ಯದಂಥ ಗಟ್ಟಿ ಗಂಟು ಮೂಡುತ್ತದೆ, ಮುಟ್ಟಿದರೆ ನೋಯುತ್ತದೆ. ಕೊಬ್ಬು ಮೆತ್ತಗಿರುತ್ತದೆ, ನೋಯುವುದಿಲ್ಲ. ಶತಾವರಿಯಿಂದ ಆ ಗಂಟು ಬರುವುದಿಲ್ಲ, ಟೆಸ್ಟೋಸ್ಟಿರೋನ್ ಇದ್ದಲ್ಲೇ ಇರುತ್ತದೆ. ಹೆಚ್ಚಿನವರಿಗೆ ಅಪಾಯವೂ ಇಲ್ಲ. ಖರ್ಚಾಗುವುದು ದುಡ್ಡು ಮತ್ತು ಕಾಲ.

ಮೆಂತ್ಯದ ಹೆಸರು ಬಂದಾಗಲೆಲ್ಲ ಅದರಲ್ಲಿರುವ ಡಯೋಸ್ಜೆನಿನ್ ಎಂಬ ಅಂಶದ ಮಾತು ಬರುತ್ತದೆ. ಅದರಿಂದ ಹಾರ್ಮೋನ್ ತಯಾರಿಸಬಹುದು ನಿಜ, ಆದರೆ ಕಾರ್ಖಾನೆಯಲ್ಲಿ, ರಾಸಾಯನಿಕ ಕ್ರಿಯೆಯಿಂದ. ಮನುಷ್ಯನ ಹೊಟ್ಟೆಗೂ ಲಿವರಿಗೂ ಆ ವಿದ್ಯೆ ಗೊತ್ತಿಲ್ಲ. ಇನ್ನೂ ಒಂದು ವಿಷಯ: ಇದೇ ಮೆಂತ್ಯದ ಸಾರವನ್ನು ಜಿಮ್ ಹುಡುಗರಿಗೆ ಟೆಸ್ಟೋಸ್ಟಿರೋನ್ ಹೆಚ್ಚಿಸುತ್ತದೆ ಎಂದು ಮಾರುತ್ತಾರೆ! ಒಂದು ಚಮಚ ಕಾಳನ್ನು ರಾತ್ರಿ ನೆನೆಸಿ ಬೆಳಿಗ್ಗೆ ತಿಂದರೆ ಖಚಿತವಾಗಿ ಬದಲಾಗುವುದು ಬೆವರಿನ ವಾಸನೆ. ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುವವರಿಗೆ ಸಕ್ಕರೆ ತೀರಾ ಇಳಿಯಬಹುದು, ರಕ್ತ ತೆಳುವಾಗಿಸುವ ಮಾತ್ರೆಯವರಿಗೆ ರಕ್ತಸ್ರಾವದ ಭಯವಿದೆ.

ಪುದೀನಕ್ಕೆ ಸ್ವಲ್ಪ ಆಧಾರವಿದೆ. ಪಿಸಿಓಎಸ್ (ಗಂಡು ಹಾರ್ಮೋನ್ ಹೆಚ್ಚಾಗುವ ಅಂಡಾಶಯದ ತೊಂದರೆ) ಇರುವ ಹೆಂಗಸರಿಗೆ ದಿನಕ್ಕೆರಡು ಲೋಟದಂತೆ 30 ದಿನ ಪುದೀನ ಕಷಾಯ ಕೊಟ್ಟಾಗ ಟೆಸ್ಟೋಸ್ಟಿರೋನ್ ತುಸು ಇಳಿದಿತ್ತು. ಅಳತೆಯಲ್ಲಿ ಮುಖದ ಕೂದಲು ಮಾತ್ರ ಕಡಿಮೆಯಾಗಿರಲಿಲ್ಲ. ಗಂಡು ದೇಹಕ್ಕೆ ಹೋಲಿಸಿದರೆ ಅವರ ಮಟ್ಟ ಮೊದಲೇ ಕಡಿಮೆ. ವೃಷಣ ಕೆಲಸ ಮಾಡುತ್ತಿರುವ ದೇಹಕ್ಕೆ ಅದು ಕೆರೆಯಿಂದ ಚೊಂಬು ನೀರು ಮೊಗೆದಂತೆ. ಕುಡಿಯುವುದಿದ್ದರೆ ಹತ್ತು ಹದಿನೈದು ಎಲೆಗೆ ಒಂದು ಲೋಟ ಕುದಿನೀರು ಸುರಿದು ಐದು ನಿಮಿಷ ಮುಚ್ಚಿಡಿ. ತೆರೆದಿಟ್ಟರೆ ಎಣ್ಣೆಯಂಶ ಹಬೆಯಲ್ಲಿ ಹೋಗುತ್ತದೆ. ಎದೆಯುರಿ ಇರುವವರಿಗೆ ಬೇಡ. ಅಂದಹಾಗೆ, ಗಡ್ಡವನ್ನು ಹಾರ್ಮೋನ್ ಮಾತ್ರೆಯೂ ತೆಗೆಯುವುದಿಲ್ಲ, ಧ್ವನಿಯನ್ನೂ ತೆಳುವಾಗಿಸುವುದಿಲ್ಲ. ಗಡ್ಡಕ್ಕೆ ಲೇಸರ್ ಅಥವಾ ಎಲೆಕ್ಟ್ರಾಲಿಸಿಸ್, ಧ್ವನಿಗೆ ಅಭ್ಯಾಸ.

ಅತಿಮಧುರದ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಅದರ ಗ್ಲಿಸಿರೈಜಿನ್ ಮೈಯಲ್ಲಿ ಉಪ್ಪು ನೀರು ನಿಲ್ಲಿಸಿ ಪೊಟ್ಯಾಸಿಯಂ ಹೊರಹಾಕುತ್ತದೆ. ದಿನಕ್ಕೆ 100 ಮಿಲಿಗ್ರಾಂ ಮೀರಬಾರದೆಂಬುದು ಸಾಮಾನ್ಯ ಮಿತಿ. ಬೇರಿನಲ್ಲಿ ನೂರಕ್ಕೆ ಐದು ಪಾಲು ಇದೆ ಎಂದುಕೊಂಡರೂ 3 ಗ್ರಾಂ ಪುಡಿಯಲ್ಲೇ 150 ಮಿಲಿಗ್ರಾಂ ಆಯಿತು. ಕೆಲವು ವಾರಗಳಲ್ಲಿ ಕಾಲು ಊತ, ತಲೆನೋವು, ಬಿಪಿ ಏರಿಕೆ, ಮಾಂಸಖಂಡಗಳ ನಿಶ್ಶಕ್ತಿ, ಕೊನೆಗೆ ಎದೆಬಡಿತ ತಪ್ಪುವುದು. ಟೆಸ್ಟೋಸ್ಟಿರೋನ್ ತಡೆಯಲು ಕೊಡುವ ಸ್ಪೈರೊನೊಲ್ಯಾಕ್ಟೋನ್ ಇದಕ್ಕೆ ತದ್ವಿರುದ್ಧ: ಪೊಟ್ಯಾಸಿಯಂ ಉಳಿಸುತ್ತದೆ. ಎರಡನ್ನೂ ಒಟ್ಟಿಗೆ ತೆಗೆದುಕೊಂಡರೆ ರಿಪೋರ್ಟಿನ ಪೊಟ್ಯಾಸಿಯಂ ಅಂಕಿ ನಂಬುವಂತಿಲ್ಲ.

ಆನ್‌ಲೈನಿನಲ್ಲಿ ಬರುವ ಥಾಯ್ಲೆಂಡಿನ ಪ್ಯುರೇರಿಯಾ ಮಿರಿಫಿಕಾ ಕ್ಯಾಪ್ಸೂಲ್ ಇವೆಲ್ಲಕ್ಕಿಂತ ಬೇರೆ. ಅದಕ್ಕೆ ಈಸ್ಟ್ರೋಜನ್, ಅಂದರೆ ಹೆಣ್ಣು ಹಾರ್ಮೋನಿನ ಗುಣ ನಿಜಕ್ಕೂ ಇದೆ, ತೊಂದರೆಯೂ ಅಲ್ಲೇ. ಡಬ್ಬಿಯಿಂದ ಡಬ್ಬಿಗೆ ಸತ್ವ ಬದಲಾಗುತ್ತದೆ, ಎಸ್ಟ್ರಡಿಯಾಲ್ ಪರೀಕ್ಷೆಯಲ್ಲಿ ಅದು ಕಾಣುವುದಿಲ್ಲ. ಎಷ್ಟು ಹೋಗಿದೆ ಎಂದು ತಿಳಿಯದೆ ಡೋಸ್ ಹೊಂದಿಸುವುದು ಹೇಗೆ? ಗ್ರಂಥಿಗೆ ಅಂಗಡಿಯ ವಿದಾರಿಕಂದ ಅದೇ ಕುಲದ್ದಾದರೂ ಬೇರೆ ಗಿಡ. ಬ್ಲ್ಯಾಕ್ ಕೊಹೋಶ್ ಎಂಬ ವಿದೇಶಿ ಬೇರು ಲಿವರ್ ಕೆಡಿಸಿದ ಉದಾಹರಣೆಗಳಿವೆ, ಬಿಟ್ಟುಬಿಡಿ. ಹೆಸರಿಲ್ಲದ ಪೊಟ್ಟಣದ ಪುಡಿ ಹದಿನೈದೇ ದಿನಕ್ಕೆ ಜೋರಾಗಿ ಕೆಲಸ ಮಾಡಿತೆಂದರೆ, ಅದರಲ್ಲಿ ಹಾರ್ಮೋನೋ ಸ್ಟೀರಾಯ್ಡೋ ಬೆರೆತಿದೆ ಎಂದೇ ಅನುಮಾನಿಸಿ.

ಎದುರಿಗಿರುವುದು ವೈದ್ಯರ ಮಾತ್ರೆ. ಎಸ್ಟ್ರಡಿಯಾಲ್ ವಾಲರೇಟ್ ದಿನಕ್ಕೆ 2ರಿಂದ 6 ಮಿಲಿಗ್ರಾಂ, ಜೊತೆಗೆ ಸ್ಪೈರೊನೊಲ್ಯಾಕ್ಟೋನ್ 100ರಿಂದ 300 ಮಿಲಿಗ್ರಾಂ, ಕಡಿಮೆಯಿಂದ ಶುರುಮಾಡಿ ಏರಿಸುವುದು. ಮೂರರಿಂದ ಆರು ತಿಂಗಳಲ್ಲಿ ಎದೆಯ ಆ ಗಂಟು ಮೂಡುತ್ತದೆ, ಪೂರ್ತಿ ಬೆಳವಣಿಗೆಗೆ ಎರಡು ಮೂರು ವರ್ಷ. ಮೊದಲ ವರ್ಷ ಮೂರು ತಿಂಗಳಿಗೊಮ್ಮೆ ಎರಡೂ ಹಾರ್ಮೋನ್, ಪೊಟ್ಯಾಸಿಯಂ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನೈನ್ ನೋಡಿಸಬೇಕು. ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಮದ್ದೂರಿನ ಎಳನೀರು ಎಷ್ಟೇ ಸಿಹಿಯಾಗಿದ್ದರೂ ದಿನಾ ಎರಡು ಮೂರು ಕುಡಿಯಬಾರದು, ಅದರಲ್ಲಿ ಪೊಟ್ಯಾಸಿಯಂ ಹೆಚ್ಚು. ಕೂದಲಿಗೆಂದು ನುಂಗುವ ಬಯೋಟಿನ್ ಮಾತ್ರೆಯನ್ನು ಪರೀಕ್ಷೆಗೆ ಮೂರು ದಿನ ಮೊದಲೇ ನಿಲ್ಲಿಸಿ. ಅದು ಹಾರ್ಮೋನಿನ ಅಂಕಿಯನ್ನು ಸುಳ್ಳಾಗಿ ಏರಿಸಿ ತೋರಿಸಬಹುದು.

ಮಾತ್ರೆಗಳಲ್ಲೂ ಒಂದನ್ನು ಗಿಡಮೂಲಿಕೆಗಿಂತ ಕೆಳಗಿಡಬೇಕು: ಮಾಲಾ-ಡಿಯಂಥ ಗರ್ಭನಿರೋಧಕ ಗುಳಿಗೆ. ಅಗ್ಗವೆಂದು ದಿನಕ್ಕೆ ಮೂರು ನಾಲ್ಕು ನುಂಗುವವರಿದ್ದಾರೆ. ಒಂದರಲ್ಲೇ 30 ಮೈಕ್ರೋಗ್ರಾಂ ಎಥಿನೈಲ್ ಎಸ್ಟ್ರಡಿಯಾಲ್ ಎಂಬ ಕೃತಕ ಹೆಣ್ಣು ಹಾರ್ಮೋನ್ ಇರುತ್ತದೆ, ಅದು ರಕ್ತ ಹೆಪ್ಪುಗಟ್ಟಿಸುವ ಅಪಾಯ ಸಾದಾ ಎಸ್ಟ್ರಡಿಯಾಲ್‌ಗಿಂತ ಹೆಚ್ಚು, ಬೀಡಿ ಸಿಗರೇಟು ಸೇದುವವರಿಗಂತೂ ಇನ್ನೂ ಹೆಚ್ಚು. ಒಂದೇ ಕಾಲಿನ ಮೀನಖಂಡ ಊದಿ ನೋಯುತ್ತಿದ್ದರೆ, ಏಕಾಏಕಿ ಉಸಿರು ಕಟ್ಟಿದರೆ ಬೆಳಗಾಗಲೆಂದು ಕಾಯಬೇಡಿ. ಮೈಸೂರಿನ ಕೆ.ಆರ್. ಆಸ್ಪತ್ರೆಯೋ ಮಂಡ್ಯದ ಮಿಮ್ಸೋ, ಹತ್ತಿರದ ತುರ್ತು ವಿಭಾಗಕ್ಕೆ ಹೋಗಿ, ಏನು ನುಂಗುತ್ತಿದ್ದಿರಿ ಎಂದು ಮುಚ್ಚಿಡದೆ ಹೇಳಿ.

ನಿರ್ವಾಣವಾದವರಿಗೆ, ಅಂದರೆ ವೃಷಣ ತೆಗೆಸಿಕೊಂಡವರಿಗೆ, ಈ ಹೋಲಿಕೆ ಇನ್ನೂ ನೇರ. ವೃಷಣ ತೆಗೆದ ಮೇಲೆ ಟೆಸ್ಟೋಸ್ಟಿರೋನ್ ತಾನಾಗಿ ಇಳಿಯುವುದರಿಂದ ಸ್ಪೈರೊನೊಲ್ಯಾಕ್ಟೋನ್ ಸಾಮಾನ್ಯವಾಗಿ ಬೇಕಿಲ್ಲ, ಎಸ್ಟ್ರಡಿಯಾಲ್ ಬೇಕೇ ಬೇಕು. ಎರಡೂ ಹಾರ್ಮೋನ್ ಇಲ್ಲದ ದೇಹದಲ್ಲಿ ಮೂಳೆ ಸವೆಯುತ್ತದೆ, ಸುಲಭವಾಗಿ ಮುರಿಯುವಷ್ಟು. ಶತಾವರಿ, ಅಗಸೆ, ಸೋಯಾ ಯಾವುದೂ ಆ ಜಾಗ ತುಂಬುವುದಿಲ್ಲ. ಮಾತ್ರೆ ನಿಲ್ಲಿಸಿ ವರ್ಷಗಳಾಗಿದ್ದರೆ ಮೂಳೆಯ ಡೆಕ್ಸಾ ಸ್ಕ್ಯಾನ್ ಮಾಡಿಸಬೇಕೇ ಎಂದು ವೈದ್ಯರನ್ನು ಕೇಳಿ, ಮನೆಯಲ್ಲಿರುವ ಪುಡಿ ಪೊಟ್ಟಣಗಳನ್ನೆಲ್ಲ ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿ.