ಅಲೈನರ್ ಒಂಬತ್ತು ತಿಂಗಳು, ಕ್ಲಿಪ್ ಹನ್ನೊಂದು ತಿಂಗಳು: ಕಾಫಿ ಬಿಡದವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ಹಲ್ಲು ಸರಿಮಾಡಿಸೋ ವಿಷಯದಲ್ಲಿ ನಾನು ಈಗ ಕ್ಲಿಪ್ ಪಾರ್ಟಿ. ವಯಸ್ಸು 41, ಬಾಯಿ ತುಂಬ ತಂತಿ. ಮದುವೆ ಮನೆಗೆ ಹೋದರೆ "ಇದೇನ್ ಸಾರ್, ಮಗಳಿಗೆ ಹಾಕ್ಸೋದ್ ಬಿಟ್ಟು ನೀವ್ ಹಾಕಿಸ್ಕೊಂಡಿದೀರಾ" ಅನ್ನುತ್ತಾರೆ. ಈ ಮಾತಿಗೆ ಹೆದರಿಯೇ ನಾನು ಮೊದಲು ಕಣ್ಣಿಗೆ ಕಾಣದ ಅಲೈನರ್, ಅಂದರೆ ಹಲ್ಲಿನ ಮೇಲೆ ಕೂರಿಸಿ ಬಿಚ್ಚಬಹುದಾದ ಪಾರದರ್ಶಕ ಪ್ಲಾಸ್ಟಿಕ್ ಟ್ರೇ, ಹಾಕಿಸಿದ್ದು. 1 ಲಕ್ಷ 30 ಸಾವಿರದ ಪ್ಯಾಕೇಜು, ಕಂತಿನಲ್ಲಿ. ಆಮೇಲೆ ಹಾಕಿಸಿದ ಕ್ಲಿಪ್‌ಗೆ 42 ಸಾವಿರ. ಎರಡೂ ಸೇರಿದರೆ ಒಂದು ಸ್ಕೂಟರ್ ಬಂದು ಮಿಕ್ಕುತ್ತಿತ್ತು.

ಅಲೈನರ್ ಕೆಟ್ಟದ್ದು ಅಂತ ಹೇಳುತ್ತಿಲ್ಲ. ನಿಜಕ್ಕೂ ಕಾಣುವುದಿಲ್ಲ. ನನಗಂತೂ ಬಾಯಿ ಹುಣ್ಣಾಗಲಿಲ್ಲ. ಮೊದಲ ವಾರ 'ಸ' ಅನ್ನೋದು 'ಶ' ಆಗುತ್ತದೆ, ಆಮೇಲೆ ಸರಿಹೋಗುತ್ತದೆ. ಒಂದೊಂದು ಟ್ರೇ ಹಲ್ಲನ್ನು ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ, ಅದು ಮುಗಿದರೆ ಮುಂದಿನದು. ಷರತ್ತು ಒಂದೇ: ದಿನಕ್ಕೆ 22 ಗಂಟೆ ಬಾಯಲ್ಲಿರಬೇಕು.

ಸಿಕ್ಕಿಬಿದ್ದದ್ದು ಇಲ್ಲೇ. ಮನೆ ಮೈಸೂರು, ಕೆಲಸ ಮಂಡ್ಯ. ಬೆಳಗ್ಗೆ ಆರಕ್ಕೆ ಫಿಲ್ಟರ್ ಕಾಫಿ. ತಿಂಡಿ. ಮಂಡ್ಯದಲ್ಲಿ ರೈಲಿಳಿದ ತಕ್ಷಣ ಇನ್ನೊಂದು ಕಾಫಿ. ಹನ್ನೊಂದಕ್ಕೆ ಆಫೀಸಲ್ಲಿ ಬೈಟು. ಊಟ. ನಾಲ್ಕಕ್ಕೆ ಬೋಂಡ, ಕಾಫಿ. ರಾತ್ರಿ ಊಟ. ಏಳು ಸಲ ಆಯ್ತಲ್ವಾ? ಟ್ರೇ ಹಾಕಿಕೊಂಡು ಬರೀ ತಣ್ಣೀರು ಕುಡಿಯಬಹುದು, ಬಿಸಿ ಕಾಫಿ ಬಿದ್ದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ, ಕಲೆಯೂ ಹಿಡಿಯುತ್ತದೆ. ಅಂದರೆ ಏಳು ಸಲ ಬಿಚ್ಚಬೇಕು, ಏಳು ಸಲ ಬಾಯಿ ತೊಳೆದು ಮತ್ತೆ ಹಾಕಬೇಕು.

ಬಿಚ್ಚುವುದೂ ಸುಮ್ನೆ ಅಲ್ಲ. ಹಲ್ಲಿನ ಮೇಲೆ ಅಲ್ಲಲ್ಲಿ ಹಲ್ಲಿನ ಬಣ್ಣದ್ದೇ ಸಣ್ಣ ಗುಬುಟು ಅಂಟಿಸಿರುತ್ತಾರೆ, ಅಟ್ಯಾಚ್‌ಮೆಂಟ್ ಅಂತ. ಟ್ರೇ ಅದಕ್ಕೆ ಗಟ್ಟಿಯಾಗಿ ಕಚ್ಚಿಕೊಂಡಿರುತ್ತದೆ. ದವಡೆ ಹಲ್ಲಿನ ಒಳಬದಿಗೆ ಉಗುರು ತೂರಿಸಿ ಎಳೆದರೆ 'ಟಪ್' ಅಂತ ಬಿಟ್ಟುಕೊಳ್ಳುತ್ತದೆ, ಜೊತೆಗೆ ಜೊಲ್ಲು ದಾರದ ಹಾಗೆ ತುಟಿಯವರೆಗೆ ಎಳೆದುಕೊಂಡು ಬರುತ್ತದೆ. ಇದನ್ನು ಟೀ ಅಂಗಡಿ ಮುಂದೆ ನಿಂತು ಮಾಡೋಕಾಗುತ್ತಾ? ಗೋಡೆ ಕಡೆ ತಿರುಗಿ ನಿಲ್ಲುತ್ತಿದ್ದೆ. ಸಹೋದ್ಯೋಗಿಗಳು ನಾನು ಗುಟ್ಕಾ ಶುರು ಮಾಡಿದೆ ಅಂದುಕೊಂಡಿದ್ದರು.

ನಾಲ್ಕರ ಕಾಫಿಗೆ ಬಿಚ್ಚಿ ಡಬ್ಬಿಗೆ ಹಾಕಿದ್ದು ಎಷ್ಟೋ ದಿನ ರೈಲು ಶ್ರೀರಂಗಪಟ್ಟಣ ದಾಟುವಾಗ ನೆನಪಾಗುತ್ತಿತ್ತು. ಆಗ ಕೈ ಗಲೀಜು, ನೀರಿಲ್ಲ. ಹೇಗೂ ಮನೆ ಹತ್ತಿರ ಬಂತು, ಊಟ ಮಾಡಿಯೇ ಹಾಕಿಕೊಳ್ಳೋಣ ಅನ್ನೋದು. ಒಂದು ವಾರ ಮೊಬೈಲಿನಲ್ಲಿ ಲೆಕ್ಕ ಇಟ್ಟೆ: 16 ಗಂಟೆ, 17 ಗಂಟೆ, ಭಾನುವಾರ 14. ಹಲ್ಲು ಸುಮ್ಮನಿರುತ್ತಾ? ಹದಿನಾಲ್ಕನೇ ಟ್ರೇ ಕೂರಲೇ ಇಲ್ಲ. ಮುಂದಿನ ಹಲ್ಲಿನ ಪಕ್ಕದ್ದು ಟ್ರೇ ಜೊತೆ ಬರದೆ ಹಿಂದೆಯೇ ಉಳಿದಿತ್ತು, ತುದಿಗೂ ಪ್ಲಾಸ್ಟಿಕ್‌ಗೂ ನಡುವೆ ಖಾಲಿ ಜಾಗ. ಎರಡು ಟ್ರೇ ಹಿಂದಕ್ಕೆ ಹೋದೆವು. ಮತ್ತೆ ಅದೇ ಕಥೆ. ಹೊಸದಾಗಿ ಸ್ಕ್ಯಾನ್ ಮಾಡಿ ಹೊಸ ಸೆಟ್ ತರಿಸೋಣ ಅನ್ನುವ ಹೊತ್ತಿಗೆ ಡಾಕ್ಟರೇ ಕೇಳಿಬಿಟ್ಟರು: "ಕಾಫಿ ಬಿಡ್ತೀರಾ ಸಾರ್, ಇಲ್ಲಾ ಕ್ಲಿಪ್ ಹಾಕ್ಲಾ?"

ಹಾಕಿ ಅಂದೆ.

ಮೊದಲ ನಾಲ್ಕು ದಿನ ಗಂಜಿ, ಮೊಸರನ್ನ. ಕೆನ್ನೆ ಒಳಗೆ ಹುಣ್ಣು, ಅದಕ್ಕೆ ಮೇಣ ಕೊಡುತ್ತಾರೆ, ಉಂಡೆ ಮಾಡಿ ಬ್ರಾಕೆಟ್ (ತಂತಿ ಹಿಡಿಯೋಕೆ ಹಲ್ಲಿಗೆ ಅಂಟಿಸಿದ ಸಣ್ಣ ತುಂಡು) ಮೇಲೆ ಒತ್ತಿಕೊಳ್ಳಬೇಕು. ಬಸ್ಸಾರಿನ ಸೊಪ್ಪು ತಂತಿಗೆ ಸುತ್ತಿಕೊಂಡರೆ ಕನ್ನಡಿ ಮುಂದೆ ಹತ್ತು ನಿಮಿಷ. ತಂತಿಯನ್ನು ಬ್ರಾಕೆಟ್‌ಗೆ ಕಟ್ಟುವ ರಬ್ಬರ್ ಬಿಳಿಯದ್ದು ಹಾಕಿಸಿದ್ದೆ, ಸಾರಿನ ಅರಿಶಿನಕ್ಕೆ ವಾರದೊಳಗೆ ಹಳದಿ ಆಯ್ತು. ಈಗ ಬೂದು ಬಣ್ಣದ್ದು. ಒಂದು ಸಲ ಕೋಡುಬಳೆ ಕಡಿದು ಬ್ರಾಕೆಟ್ ಕಿತ್ತುಬಂತು. ಕಬ್ಬು ಕಡಿಯೋ ಹಾಗಿಲ್ಲ, ಮಂಡ್ಯದಲ್ಲಿ ಕೂತು ಈ ಮಾತು ಹೇಳೋದಕ್ಕೆ ನಾಚಿಕೆ. ಮದ್ದೂರು ವಡೆಯನ್ನು ಚೂರು ಚೂರು ಮಾಡಿ ತಿನ್ನುತ್ತೇನೆ. ಆದರೆ ಮುದ್ದೆ! ಅದನ್ನು ಹೇಗೂ ಅಗಿಯೋದಿಲ್ಲ, ನುಂಗೋದು. ಕ್ಲಿಪ್ ಹಾಕಿದವರಿಗೇ ಅಂತ ಮಾಡಿದ ಊಟ.

ನೋವು ನನಗೆ ಎರಡರಲ್ಲೂ ಒಂದೇ.

ಕಾಫಿ ಮಾತ್ರ ಈಗ ಏನನ್ನೂ ಬಿಚ್ಚದೆ ಕುಡಿಯುತ್ತೇನೆ, ಒಂದು ಗುಟುಕು ನೀರು ಮುಕ್ಕಳಿಸಿದರೆ ಆಯ್ತು. ನಾನು ಮರೆತರೂ ತಂತಿ ತನ್ನ ಪಾಡಿಗೆ ಕೆಲಸ ಮಾಡುತ್ತಿರುತ್ತದೆ. ತಿಂಗಳಿಗೊಮ್ಮೆ ಶನಿವಾರ ಕ್ಲಿನಿಕ್‌ಗೆ ಹೋಗಬೇಕು, ಅಷ್ಟೇ. ನನ್ನ ತಂಗಿ ದಿನಕ್ಕೆ ಎರಡೇ ಹೊತ್ತು ತಿನ್ನುವವಳು, ಮಧ್ಯೆ ಏನೂ ಮುಟ್ಟುವುದಿಲ್ಲ. ಅವಳು ಕೇಳಿದರೆ ಅಲೈನರ್ ಹಾಕಿಸು ಅಂತಲೇ ಹೇಳುತ್ತೇನೆ, ದುಡ್ಡಿದ್ದರೆ. ನನ್ನ ಥರ ಆಗಾಗ ಬಾಯಾಡಿಸೋರು 42 ಸಾವಿರದಲ್ಲೇ ಮುಗಿಸಿ.

ಕ್ಲಿಪ್ ಬಿಚ್ಚಿದ ಮೇಲೆ ಹಲ್ಲು ಹಿಂದಕ್ಕೆ ಹೋಗದಂತೆ ರಿಟೇನರ್ ಬೇಕಂತೆ. ಎರಡು ಥರ ತೋರಿಸಿದರು. ಒಂದು ಅಲೈನರ್ ಥರದ್ದೇ ಪಾರದರ್ಶಕ ಪ್ಲಾಸ್ಟಿಕ್ಕು, ಇನ್ನೊಂದು ಹಲ್ಲಿನ ಹಿಂದೆ ಅಂಟಿಸುವ ಸಣ್ಣ ತಂತಿ. ಡಾಕ್ಟರ್ ಇನ್ನೂ ವಿವರಿಸುತ್ತಿದ್ದರು, ನಾನು ತಂತಿ ಕಡೆ ಕೈ ತೋರಿಸಿ ಆಗಿತ್ತು.