ಮೋಟಾರ್ ದಿಕ್ಕು ಬದಲಿಸಲು ಯಾವುದು ವಾಸಿ: ನೇರ ಪಿನ್ನಾ, ನಾಟ್ ಗೇಟಾ, ನ್ಯಾಂಡ್ ಗೇಟಾ?

ಎರಡು ಚಕ್ರದ ಪುಟ್ಟ ರೋಬೋ, ಅದಕ್ಕೊಂದು ಎಲ್293ಡಿ ಡ್ರೈವರ್, ಅಂದರೆ ಕಂಟ್ರೋಲರ್ ಹೇಳಿದಂತೆ ಮೋಟಾರ್‌ಗಳಿಗೆ ಕರೆಂಟ್ ಕೊಡುವ ಐಸಿ. ಡ್ರೈವರ್‌ಗೆ ದಿಕ್ಕು ತಿಳಿಸುವ ಮೂರು ದಾರಿಗಳನ್ನು ಒಂದೇ ಬ್ರೆಡ್‌ಬೋರ್ಡ್ ಮೇಲೆ, ಅವೇ ಮೋಟಾರ್‌ಗಳ ಜೊತೆ ಕಟ್ಟಿ ನೋಡಿದೆ. ನನಗೆ ಹಿಡಿಸಿದ್ದು ನ್ಯಾಂಡ್ ಗೇಟ್.

ಮೊದಲು ನೇರ ಜೋಡಣೆ. ಡ್ರೈವರ್‌ನಲ್ಲಿ ಪ್ರತಿ ಮೋಟಾರ್‌ಗೆ ದಿಕ್ಕಿನ ಎರಡು ಇನ್‌ಪುಟ್, ಆನ್-ಆಫ್ ಮಾಡುವ ಒಂದು ಎನೇಬಲ್. ಎರಡು ಮೋಟಾರ್‌ಗೆ ಕಂಟ್ರೋಲರ್‌ನ ಒಟ್ಟು 6 ಪಿನ್. ಮುಂದೆ, ಹಿಂದೆ, ಬ್ರೇಕ್, ಸುಮ್ನೆ ಬಿಟ್ಟುಬಿಡುವುದು, ಎಲ್ಲವೂ ಸಿಗುತ್ತದೆ. ಪಿನ್ ಸಾಕಷ್ಟಿದ್ದರೆ ಇದಕ್ಕಿಂತ ಸುಲಭ ಬೇರೆ ಇಲ್ಲ. ಆದರೆ ಸೆನ್ಸರ್‌ಗಳು ಬಂದು ಕೂತ ಮೇಲೆ ಪಿನ್ ಎಲ್ಲಿಂದ ತರುವುದು?

ಆಗ ಎಲ್ಲರೂ ಕೈ ಹಾಕುವುದು 74ಎಚ್‌ಸಿ04ಕ್ಕೆ, ಅಂದರೆ 0 ಬಂದರೆ 1, 1 ಬಂದರೆ 0 ಕೊಡುವ ನಾಟ್ ಗೇಟ್‌ಗಳ ಐಸಿಗೆ. ದಿಕ್ಕಿನ ಪಿನ್ ಒಂದು ಇನ್‌ಪುಟ್‌ಗೆ ನೇರ ಹೋಗುತ್ತದೆ, ಇನ್ನೊಂದಕ್ಕೆ ನಾಟ್ ಗೇಟ್ ಮೂಲಕ ತಿರುವುಮುರುವಾಗಿ ಹೋಗುತ್ತದೆ. ವೇಗ ಹತೋಟಿಯ ಪಿಡಬ್ಲ್ಯುಎಂ (ಬೇಗಬೇಗ ಆನ್-ಆಫ್ ಆಗುವ ಪಲ್ಸ್‌ಗಳು) ಎನೇಬಲ್‌ಗೆ. ಪಿನ್ 4ಕ್ಕೆ ಇಳಿಯಿತು. ಆದರೆ ಎರಡು ಇನ್‌ಪುಟ್‌ಗಳೂ ಒಂದೇ ಮಟ್ಟಕ್ಕೆ ಬರುವುದೇ ಇಲ್ಲ, ಹಾಗಾಗಿ ಬ್ರೇಕ್ ಹೋಯಿತು. ಎನೇಬಲ್ ಆರಿಸಿದರೆ ಚಕ್ರ ತನ್ನ ಪಾಡಿಗೆ ತಿರುಗಿ ನಿಲ್ಲುತ್ತದೆ. ನನಗೆ ಜಾಸ್ತಿ ಬೇಜಾರಾಗಿದ್ದು ನಿಧಾನದ ಓಟದಲ್ಲಿ. ಪಿಡಬ್ಲ್ಯುಎಂ ಮೆಲ್ಲಗೆ ಏರಿಸಿದರೆ ಮೋಟಾರ್ ಗುಂಯ್ ಅನ್ನುತ್ತಾ ಕೂತಿರುತ್ತದೆ, ಆಮೇಲೆ ಒಮ್ಮೆಲೇ ಓಡುತ್ತದೆ. ಪ್ರತಿ ಪಲ್ಸ್ ಮುಗಿದಾಗ ಡ್ರೈವರ್ ಪೂರ್ತಿ ಆಫ್ ಆಗಿ ಕರೆಂಟ್ ಬೇಗ ಸತ್ತುಹೋಗುವುದೇ ಇದಕ್ಕೆ ಕಾರಣ.

ನಾಲ್ಕು ನ್ಯಾಂಡ್ ಗೇಟ್‌ಗಳ ಐಸಿ 74ಎಚ್‌ಸಿ00 ಇಲ್ಲೇ ಗೆಲ್ಲುವುದು. ಎರಡೂ ಇನ್‌ಪುಟ್ 1 ಆದಾಗ ಮಾತ್ರ ನ್ಯಾಂಡ್ 0 ಕೊಡುತ್ತದೆ, ಇಲ್ಲದಿದ್ದರೆ 1. ಮೊದಲ ಗೇಟ್‌ಗೆ ದಿಕ್ಕು ಮತ್ತು ಪಿಡಬ್ಲ್ಯುಎಂ ಕೊಡಿ. ಎರಡನೇ ಗೇಟ್‌ಗೆ ಮೊದಲನೆಯದರ ಔಟ್‌ಪುಟ್ ಮತ್ತು ಅದೇ ಪಿಡಬ್ಲ್ಯುಎಂ ಕೊಡಿ. ಈ ಎರಡು ಔಟ್‌ಪುಟ್‌ಗಳೇ ಡ್ರೈವರ್‌ನ ಎರಡು ಇನ್‌ಪುಟ್. ಎನೇಬಲ್ ಅನ್ನು 5 ವೋಲ್ಟ್‌ಗೆ ಕಟ್ಟಿಬಿಡಿ. ಪಿಡಬ್ಲ್ಯುಎಂ 1 ಆಗಿದ್ದಾಗ ಒಂದು ಔಟ್‌ಪುಟ್ 0, ಇನ್ನೊಂದು 1. ಯಾವುದು 0 ಅನ್ನುವುದನ್ನು ದಿಕ್ಕಿನ ಪಿನ್ ತೀರ್ಮಾನಿಸುತ್ತದೆ. ಪಿಡಬ್ಲ್ಯುಎಂ 0 ಆದಾಗ ಎರಡೂ 1, ಅಂದರೆ ಬ್ರೇಕ್. ಇಲ್ಲೂ 4 ಪಿನ್ನೇ ಸಾಕು. ಮೋಟಾರ್‌ಗೆ ಎರಡರಂತೆ ಐಸಿಯ ನಾಲ್ಕೂ ಗೇಟ್ ಬಳಕೆಯಾಗುತ್ತವೆ, ನೆಲಕ್ಕೆ ಕಟ್ಟಬೇಕಾದ ಖಾಲಿ ಇನ್‌ಪುಟ್ ಒಂದೂ ಉಳಿಯುವುದಿಲ್ಲ. ಎಷ್ಟು ಚೊಕ್ಕ ಅಲ್ವಾ!

ಓಟದಲ್ಲೂ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಪಲ್ಸ್‌ಗಳ ನಡುವೆ ಕರೆಂಟ್ ಮೋಟಾರ್‌ನಲ್ಲೇ ಸುತ್ತುವುದರಿಂದ ಚಕ್ರ ಕಡಿಮೆ ಪಿಡಬ್ಲ್ಯುಎಂನಲ್ಲೇ ತೆವಳಲು ಶುರುಮಾಡುತ್ತದೆ, ಏರಿಸಿದಷ್ಟೇ ಏರುತ್ತದೆ. ಗೆರೆ ಹಿಡಿದು ಹೋಗುವ ರೋಬೋಗೆ ಇದೇ ಬೇಕು. ಚಕ್ರವನ್ನು ಸುಮ್ನೆ ಉರುಳಲು ಬಿಡಬೇಕು ಅನ್ನುವವರಿಗೆ ಮಾತ್ರ ಇದು ಆಗದು.

ಪಿಡಬ್ಲ್ಯುಎಂ ತಂತಿಗೆ 10 ಕಿಲೋಓಮ್ ಪುಲ್‌ಡೌನ್ (0ಗೆ ಎಳೆದಿಡುವ ರೆಸಿಸ್ಟರ್) ಹಾಕಿ. ಆಗ ಕಂಟ್ರೋಲರ್ ಎಚ್ಚರವಾಗುವ ತನಕ ಗಾಡಿ ಅಲ್ಲಾಡುವುದಿಲ್ಲ.

ಕಂಟ್ರೋಲರ್ 3.3 ವೋಲ್ಟಿನದಾದರೆ ಇನ್ನೊಂದು ವಿಷಯ. ಎಲ್293ಡಿ 2.3 ವೋಲ್ಟನ್ನೇ 1 ಎಂದು ಒಪ್ಪುತ್ತದೆ, ನೇರ ಜೋಡಣೆಗೆ ತೊಂದರೆಯಿಲ್ಲ. ಆದರೆ 5 ವೋಲ್ಟ್‌ನಲ್ಲಿ ಓಡುವ ಎಚ್‌ಸಿ ಐಸಿಗೆ ಸುಮಾರು 3.5 ವೋಲ್ಟ್ ಬೇಕು. ಅಲ್ಲಿ 74ಎಚ್‌ಸಿಟಿ00 ತಗೊಳ್ಳಿ, ಅದಕ್ಕೆ 2 ವೋಲ್ಟ್ ಸಾಕು.