ಜಾಗದ ಪೇಪರಲ್ಲಿ 'ನಿಲಂ' ಅಂತ ಕಂಡ್ರೆ ಅಡ್ವಾನ್ಸ್ ಕೊಡ್ಬೇಡಿ

ಮೊನ್ನೆ ಆದಿತ್ಯವಾರ ವಾಟ್ಸಾಪಲ್ಲಿ ಒಂದು ಫಾರ್ವರ್ಡ್ ಬಂತು. ಕೇರಳದ ಕಾಸರಗೋಡು ಜಿಲ್ಲೆಯ ನಮ್ಮ ಬದಿಯಡ್ಕದಿಂದ ಸ್ವಲ್ಪ ಒಳಗೆ 12 ಸೆಂಟ್ಸ್, ರೋಡ್ ಸೈಡ್, ನೀರಿನ ಅನುಕೂಲ ಉಂಟು, ಮನೆ ಕಟ್ಲಿಕ್ಕೆ ಯೋಗ್ಯ, ಪೇಪರ್ ಕ್ಲಿಯರ್ ಅಂತ ಬರೆದಿತ್ತು, ಜೊತೆಗೆ ಅಡಿಕೆ ತೋಟದ ನಾಲ್ಕು ಫೋಟೋ. ಫೋಟೋ ನೋಡಿದ ಕೂಡ್ಲೇ ನನಗೆ ಜಾಗ ಯಾವುದು ಅಂತ ಗೊತ್ತಾಯ್ತು. 2022ರಲ್ಲಿ ಅದೇ ಬೈಲಲ್ಲಿ, ಅದಕ್ಕೆ ತಾಗಿಯೇ ಇರುವ 18 ಸೆಂಟ್ಸ್ ನಾನೇ ಎದುರು ನಿಂತು ಮಾಡಿಸಿ ಕೊಟ್ಟದ್ದು. ತಕೊಂಡವರು ನನಗೆ ಏಳನೇ ಕ್ಲಾಸಲ್ಲಿ ಕನ್ನಡ ಕಲಿಸಿದ ಮಾಸ್ಟ್ರು. ಇವತ್ತಿನವರೆಗೆ ಅಲ್ಲಿ ಅವರಿಗೆ ಮನೆಯ ಪಂಚಾಂಗ, ಅಂದ್ರೆ ಅಡಿಪಾಯ, ಹಾಕ್ಲಿಕ್ಕೂ ಆಗಲಿಲ್ಲ. ಇದನ್ನು ಮೊದಲೇ ಬರೀಬೇಕಿತ್ತು, ಮಾಸ್ಟ್ರ ಮುಖ ನೆನಪಾಗಿ ಕೈ ಬರ್ಲಿಲ್ಲ. ಈಗ ಇನ್ನೊಬ್ಬರು ಅದೇ ಬೈಲಲ್ಲಿ ದುಡ್ಡು ಹಾಕುವ ಮೊದಲು ಬರೆದು ಮುಗಿಸ್ತೇನೆ.

ನಾನು ಪೆರ್ಲ, ಬದಿಯಡ್ಕ, ಮುಳ್ಳೇರಿಯ, ಸೀತಾಂಗೋಳಿ ಈ ಕಡೆ ಹದಿನಾಲ್ಕು ವರ್ಷದಿಂದ ಜಾಗದ ಬ್ರೋಕರ್ ಕೆಲಸ ಮಾಡುವವ. ನಮ್ಮಲ್ಲಿ ಈ ಕೆಲಸ ಬೋರ್ಡ್ ಹಾಕಿ ನಡೆಯುವುದಲ್ಲ, ಮುಖಪರಿಚಯದಲ್ಲಿ ನಡೆಯುವುದು. ಹಾಲಿನ ಸೊಸೈಟಿಯಲ್ಲಿ ಒಬ್ಬರು ಹೇಳ್ತಾರೆ, ದೇವಸ್ಥಾನದ ಜೀರ್ಣೋದ್ಧಾರ ಕಮಿಟಿಯಲ್ಲಿ ಇನ್ನೊಬ್ಬರು ಕೇಳ್ತಾರೆ, ಇಬ್ಬರೂ ನನ್ನನ್ನು ನಂಬಿದ್ರಿಂದ ಜಾಗ ಕೈ ಬದಲಾಗ್ತದೆ, ಅಷ್ಟೇ. ಮಾಸ್ಟ್ರದ್ದೂ ಹಾಗೆಯೇ. ಅವರ ಮನೆ ಗುಡ್ಡೆ ಬದಿಯಲ್ಲಿ, ಸುರಂಗದ ನೀರು ವರ್ಷ ಇಡೀ ಬರ್ತದೆ, ಅದಕ್ಕೆಂತ ತೊಂದರೆ ಇಲ್ಲ. ಆದ್ರೆ ರೋಡಿಗೆ ಬರ್ಲಿಕ್ಕೆ ಅರ್ಧ ಕಿಲೋಮೀಟರ್ ಏರು, ಅವರ ಹೆಂಡತಿ ಟೀಚರಕ್ಕನಿಗೆ ಮೊಣಕಾಲಿನ ಆಪರೇಷನ್ ಆದ ಮೇಲೆ ಆ ಏರು ಹತ್ತಿ ಇಳಿಯುವುದು ಆಗುವುದೇ ಇಲ್ಲ. "ನಿನಗೆ ಗೊತ್ತಿರ್ತದಲ್ಲ ಮಾರಾಯ, ರೋಡಿಗೆ ಹತ್ತಿರ ಒಂದು ಸಪಾಟು ಜಾಗ ನೋಡು, ಎರಡು ಕೋಣೆ ಸಾಕು ನಮಗೆ" ಅಂದ್ರು.

ಸಪಾಟು ಅಂದಾಗಲೇ ನಾನು ಯೋಚನೆ ಮಾಡ್ಬೇಕಿತ್ತು. ಗುಡ್ಡೆ ತುಂಬಿದ ನಮ್ಮ ಊರಲ್ಲಿ ತೋಡಿನ ಹತ್ತಿರ ಸಪಾಟು ಜಾಗ ಉಂಟು ಅಂದ್ರೆ ಅದು ಬೈಲು, ಬೈಲು ಅಂದ್ರೆ ಒಂದು ಕಾಲದ ಗದ್ದೆ. ಈಗ ಅಲ್ಲಿ ಅಡಿಕೆ ನಿಂತಿದೆ ಅಂತ ಸರ್ಕಾರದ ಲೆಕ್ಕದಲ್ಲಿ ಅದು ತೋಟ ಆಗುವುದಿಲ್ಲ.

ಜಾಗ ತೋರಿಸಿದವ ಕಾಸರಗೋಡು ಪೇಟೆ ಕಡೆಯ ಇನ್ನೊಬ್ಬ ಬ್ರೋಕರ್, ಒಳ್ಳೆ ಕನ್ನಡ ಮಾತಾಡ್ತಾನೆ. ಹೆಸರು ಬರೆಯುವುದಿಲ್ಲ, ಕೇಸ್ ನಡೀತಾ ಉಂಟು. ಜಾಗದವರು ಗಲ್ಫಲ್ಲಿ ಇರುವವರು, ಮಗ ಒಂದು ತಿಂಗಳ ರಜೆಯಲ್ಲಿ ಬಂದಿದ್ದ, ವಾಪಸ್ ಹೋಗುವ ಮೊದಲು ಕೊಟ್ಟು ಮುಗಿಸ್ಬೇಕು ಅಂತ ಅರ್ಜೆಂಟ್. ಈ ಅರ್ಜೆಂಟನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಎಲ್ಲ ಸಲವೂ ಮೋಸ ಇರುವುದಿಲ್ಲ, ಆದ್ರೆ ಪೇಪರ್ ನೋಡುವ ಟೈಮ್ ಮಾತ್ರ ಎಲ್ಲ ಸಲವೂ ಕಮ್ಮಿ ಆಗ್ತದೆ.

ಪೇಪರ್ ತೋರಿಸಿದ್ದು ಹೋಟೆಲಲ್ಲಿ, ಚಾ ಗ್ಲಾಸ್ ಬದಿಗಿಟ್ಟು. ಆಧಾರದ (ಜಾಗದ ಕ್ರಯಪತ್ರದ) ಜೆರಾಕ್ಸ್, ತೀರ್ವೆ (ಭೂಕಂದಾಯ) ರಶೀದಿ, ಕೈವಶ ಸರ್ಟಿಫಿಕೇಟ್, ಮತ್ತೆ ಸೀಲ್ ಹಾಕಿದ ಒಂದು ಹಾಳೆ. ಎಲ್ಲ ಮಲಯಾಳದಲ್ಲಿ. ನಾನು ಕಲಿತದ್ದು ಕನ್ನಡ ಮೀಡಿಯಂ, ಮಲಯಾಳ ಸರಾಗ ಮಾತಾಡ್ತೇನೆ, ಓದುವುದಾದ್ರೆ ಅಕ್ಷರ ಕೂಡಿಸಿ ಕೂಡಿಸಿ ಓದ್ಬೇಕು, ನನ್ನ ಪ್ರಾಯದ ಹೆಚ್ಚಿನವರ ಸ್ಥಿತಿ ಇದೇ. ಕೈವಶ ಸರ್ಟಿಫಿಕೇಟಲ್ಲಿ ಜಾಗದ ತರ ಅಂತ ಇದ್ದ ಕಡೆ 'ನಿಲಂ' ಅಂತ ಬರೆದಿತ್ತು. ಮಾಸ್ಟ್ರು "ಇದು ಎಂತ?" ಅಂತ ಬೆರಳಿಟ್ಟು ಕೇಳಿದ್ರು. ನಾನು "ನೆಲ, ಜಾಗ ಅಂತ ಮಾಸ್ಟ್ರೇ" ಅಂದೆ. ಆ ಬ್ರೋಕರ್ ಎದುರಲ್ಲೇ ಕೂತಿದ್ದ, ಅವನಿಗೆ ಮಲಯಾಳ ಚೆನ್ನಾಗಿ ಗೊತ್ತು, ಬಾಯಿ ಬಿಡ್ಲಿಲ್ಲ.

ನಿಲಂ ಅಂದ್ರೆ ಕೇರಳದ ರೆಕಾರ್ಡಲ್ಲಿ ಭತ್ತದ ಗದ್ದೆ. ಮನೆ ಕಟ್ಟುವ ಜಾಗಕ್ಕೆ ಅಲ್ಲಿ 'ಪುರಯಿಡಂ' ಅಂತ ಇರ್ತದೆ. ಇದು ಗೊತ್ತಿಲ್ಲದವರು ದಯವಿಟ್ಟು ಈಗಲೇ ತಲೆಯಲ್ಲಿ ಇಟ್ಟುಕೊಳ್ಳಿ.

ಸೀಲ್ ಹಾಕಿದ ಆ ಹಾಳೆ ತೋರಿಸಿ ಆ ಬ್ರೋಕರ್ "ಕನ್ವರ್ಶನ್ ಆಗಿದೆ, ಇದೇ ನೋಡಿ" ಅಂದಿದ್ದ. ಅದರ ಮೇಲೆ 'ಅಪೇಕ್ಷ' ಅಂತ ಇತ್ತು. ಮಲಯಾಳದಲ್ಲಿ ಅಪೇಕ್ಷ ಅಂದ್ರೆ ಅರ್ಜಿ, ಆರ್ಡರ್ ಆದ್ರೆ 'ಉತ್ತರವ್' ಅಂತ ಇರ್ತದೆ. ಅಂದ್ರೆ ಅರ್ಜಿ ಕೊಟ್ಟದ್ದಕ್ಕೆ ಆಫೀಸಿನವರು ಹಾಕಿಕೊಟ್ಟ ಸೀಲ್ ಅದು, ಅಷ್ಟೇ. ಅದೂ ಈ ಜಾಗದ್ದಲ್ಲ, ರೀಸರ್ವೆ ನಂಬರ್ ಒಂದೇ, ಸಬ್ ಡಿವಿಷನ್ ಬೇರೆ, ಪಕ್ಕದವರದ್ದು. ಇದೆಲ್ಲ ನನಗೆ ಗೊತ್ತಾದದ್ದು ರಿಜಿಸ್ಟ್ರಿ ಆಗಿ ಐದು ತಿಂಗಳಾದ ಮೇಲೆ.

ಸೆಂಟ್ಸಿಗೆ 90 ಸಾವಿರದ ಹಾಗೆ 16 ಲಕ್ಷದ 20 ಸಾವಿರ. ಮಾಸ್ಟ್ರು ಕಳ್ಳ ಲೆಕ್ಕ ಬೇಡ ಅಂತ ಪೂರ್ತಿ ಮೊತ್ತಕ್ಕೇ ಆಧಾರ ಮಾಡಿಸಿದ್ರು. ಮುದ್ರಪತ್ರಕ್ಕೆ ನೂರಕ್ಕೆ 8, ರಿಜಿಸ್ಟ್ರಿ ಫೀಸ್ ನೂರಕ್ಕೆ 2, ಹಾಗೆ 1 ಲಕ್ಷದ 62 ಸಾವಿರ ಸರ್ಕಾರಕ್ಕೇ ಹೋಯ್ತು. ನಿವೃತ್ತಿಯಲ್ಲಿ ಬಂದ ದುಡ್ಡು ಅದು. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಎಲ್ಲ ಸುಸೂತ್ರ ಆಯ್ತು, ವಿಲ್ಲೇಜ್ ಆಫೀಸಲ್ಲಿ ಪೋಕುವರವೂ (ಖಾತೆ ಬದಲಾವಣೆ) ಆಯ್ತು, ಮಾಸ್ಟ್ರ ಹೆಸರಲ್ಲಿ ತೀರ್ವೆ ಕಟ್ಟಿದ್ದೂ ಆಯ್ತು. ತುಂಬ ಜನ ತಪ್ಪು ತಿಳ್ಕೊಳ್ಳುವುದು ಇಲ್ಲೇ. ಗದ್ದೆಯನ್ನು ಮಾರ್ಲಿಕ್ಕೆ ಅಡ್ಡಿ ಇಲ್ಲ, ರಿಜಿಸ್ಟ್ರಿ ಮಾಡುವವರು ನೀವು ಅಲ್ಲಿ ಮನೆ ಕಟ್ಬಹುದಾ ಅಂತ ನೋಡುವುದಿಲ್ಲ, ನೋಡುವುದು ಪಂಚಾಯತಿನವರು, ಅದು ಪ್ಲಾನ್ ಕೊಟ್ಟ ಮೇಲೆ.

ಪರ್ಮಿಟ್ ಸಿಗ್ತದೆ ಅಂತ ಮಾಸ್ಟ್ರು ಎರಡು ಲೋಡ್ ಕೆಂಪುಕಲ್ಲು ಮೊದಲೇ ತರಿಸಿ ತೋಡಿನ ಹತ್ತಿರ ಹಾಕಿಸಿದ್ರು. ಪ್ಲಾನ್ ವಾಪಸ್ ಬಂತು. ಜಾಗ ಡಾಟಾ ಬ್ಯಾಂಕಲ್ಲಿ ಉಂಟು ಅಂತ.

ಡಾಟಾ ಬ್ಯಾಂಕ್ ಅಂದ್ರೆ ಎಂತ ಅಂತ ಸ್ವಲ್ಪ ಹೇಳ್ತೇನೆ, ಯಾಕಂದ್ರೆ ಬ್ರೋಕರುಗಳು ಜನರನ್ನು ಗೊಂದಲ ಮಾಡುವುದೇ ಇಲ್ಲಿ. 2008ರಲ್ಲಿ ಕೇರಳದಲ್ಲಿ ಭತ್ತದ ಗದ್ದೆ ಮತ್ತು ಜೌಗು ಜಾಗ ಉಳಿಸುವ ಕಾಯ್ದೆ ಬಂತು, ಆಗ ಗದ್ದೆ ಇದ್ದ ಜಾಗವನ್ನೆಲ್ಲ ಪಟ್ಟಿ ಮಾಡಿದ್ರು, ಅದೇ ಡಾಟಾ ಬ್ಯಾಂಕ್. ಪಟ್ಟಿಯಲ್ಲಿ ಇಲ್ಲದೆ ರೆಕಾರ್ಡಲ್ಲಿ ಮಾತ್ರ ನಿಲಂ ಅಂತ ಇದ್ರೆ ಫಾರ್ಮ್ 6 ಹಾಕಿ ಬದಲಾಯಿಸ್ಲಿಕ್ಕೆ ದಾರಿ ಉಂಟು, 25 ಸೆಂಟ್ಸ್‌ವರೆಗೆ ಫೀಸ್ ಇಲ್ಲ ಅನ್ನುವ ರಿಯಾಯಿತಿ ಬರುವುದೂ ಅಲ್ಲಿಯೇ. ಪಟ್ಟಿಯ ಒಳಗೆ ಇದ್ರೆ ಮೊದಲು ಫಾರ್ಮ್ 5 ಹಾಕಿ, 2008ಕ್ಕಿಂತ ಮೊದಲೇ ಇದು ಗದ್ದೆ ಆಗಿರ್ಲಿಲ್ಲ, ತಪ್ಪಿ ಸೇರಿಸಿದ್ದು ಅಂತ ಕಂದಾಯ ಇಲಾಖೆಯ ಅಧಿಕಾರಿ ಹತ್ತಿರ ಸಾಬೀತು ಮಾಡ್ಬೇಕು. ಅದಕ್ಕೆ ಕೃಷಿ ಭವನದ ರಿಪೋರ್ಟ್ ಬೇಕು, ಸಂಶಯ ಇದ್ರೆ ತಿರುವನಂತಪುರದ ರಿಮೋಟ್ ಸೆನ್ಸಿಂಗ್ ಸೆಂಟರಿನಿಂದ ಆ ಕಾಲದ ಸ್ಯಾಟಲೈಟ್ ಫೋಟೋ ತರಿಸ್ತಾರೆ. "25 ಸೆಂಟ್ಸ್ ಒಳಗೆ ಅಲ್ವಾ, ಎಲ್ಲ ಫ್ರೀ, ಮೂರು ತಿಂಗಳಲ್ಲಿ ಆಗ್ತದೆ" ಅಂತ ಯಾರಾದ್ರೂ ಹೇಳಿದ್ರೆ ಅವ ಈ ಎರಡನ್ನು ಒಂದು ಮಾಡಿ ನಿಮ್ಮ ಕಣ್ಣು ಕಟ್ತಿದ್ದಾನೆ.

ನಾವು ಫಾರ್ಮ್ 5 ಹಾಕಿದೆವು. ಕೃಷಿ ಆಫೀಸರ್ ಜಾಗಕ್ಕೆ ಬಂದ್ರು, ಒಳ್ಳೆ ಮನುಷ್ಯ, ಗಡಿಬಿಡಿ ಮಾಡ್ಲಿಲ್ಲ. ಒಂದು ಅಡಿಕೆ ಮರದ ಬುಡದಿಂದ ಮೇಲೆ ಗೆಣ್ಣು ನೋಡ್ತಾ ಹೋದ್ರು, ಮತ್ತೆ ಮಣ್ಣು ಒಂದು ಮುಷ್ಟಿ ತೆಗೆದು ಹಿಚುಕಿದ್ರು, ಕಪ್ಪು ಕೆಸರು ಬೆರಳ ಸಂದಿಯಲ್ಲಿ ಬಂತು. "ಈ ಮರಗಳಿಗೆ ಹತ್ತು ವರ್ಷ ಪ್ರಾಯ ಇರ್ಬಹುದು, ಕಾಯ್ದೆ ಬಂದು ಹದಿನಾಲ್ಕು ವರ್ಷ ಆಯ್ತು" ಅಂದ್ರು. ಮಾಸ್ಟ್ರು ಎಂತದ್ದೂ ಮಾತಾಡ್ಲಿಲ್ಲ. ತೋಡಿನ ಆಚೆ ಬದಿಯ ಅಜ್ಜಿ ನಮ್ಮನ್ನು ನೋಡಿ ಬಂದವರು, ಯಾರೂ ಕೇಳದೆಯೇ, "ಇಲ್ಲಿ ಎಣೆಲು, ಸುಗ್ಗಿ ಅಂತ ಭತ್ತದ ಎರಡು ಬೆಳೆಯೂ ಬೆಳೀತಿತ್ತಲ್ಲ, ನೇಜಿ ನೆಟ್ಟದ್ದು ನಾವೇ" ಅಂದ್ರು. ಅಜ್ಜಿಯ ಮನೆ ಅಲ್ಲಿಂದ ಐವತ್ತು ಹೆಜ್ಜೆ. ಅಡ್ವಾನ್ಸ್ ಕೊಡುವ ಮೊದಲು ನಾನು ಆ ಐವತ್ತು ಹೆಜ್ಜೆ ನಡೆದಿದ್ರೆ ಸಾಕಿತ್ತು.

ಮಣ್ಣು ತುಂಬಿಸಿ ಹಾಗೇ ಕಟ್ಟಿದ್ರೆ ಎಂತ ಆಗ್ತದೆ ಅಂತ ಮತ್ತೆ ಕೆಲವರು ಮಾಸ್ಟ್ರ ತಲೆ ಕೆಡಿಸಿದ್ರು. ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ ಆಗ್ಬಹುದು, ಅದನ್ನು ಯಾರೂ ಮಾಡ್ಲಿಕ್ಕೆ ಹೋಗ್ಬೇಡಿ. ಬೇರೆ ಜಾಗವೇ ಇಲ್ಲದ ಗದ್ದೆಯವರಿಗೆ ಪಂಚಾಯತಲ್ಲಿ 10 ಸೆಂಟ್ಸ್‌ವರೆಗೆ ಮನೆಗೆ ಕೇಳುವ ಅವಕಾಶ ಕಾಯ್ದೆಯಲ್ಲಿ ಉಂಟು, ಆದ್ರೆ ಮಾಸ್ಟ್ರ ಹೆಸರಲ್ಲಿ ಗುಡ್ಡೆ ಮನೆಯ ಜಾಗ ಉಂಟಲ್ಲ, ಆ ದಾರಿಯೂ ಮುಚ್ಚಿತು.

ಅರ್ಜಿ ತಿರಸ್ಕಾರ ಆದ ದಿನ ರಾತ್ರಿ ಅವರ ಮನೆಗೆ ಹೋಗಿದ್ದೆ. ಜಾಗದವರು ಕೊಟ್ಟ ಕಟ್ಟಿನಲ್ಲಿ ಪ್ಲಾಸ್ಟಿಕ್ ಕವರಿನ ಒಳಗೆ ಒಂದು ಹಳೆ ಮುನ್ನಾಧಾರ ಇತ್ತು, ಮಡಿಚಿದಲ್ಲಿ ಹರಿದದ್ದು. ಅದು 1956ಕ್ಕಿಂತ ಮೊದಲಿನದ್ದು, ನಾವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದ್ದು, ಪೂರ್ತಿ ಕನ್ನಡದಲ್ಲಿ. ಮಾಸ್ಟ್ರು ಕನ್ನಡಕ ಹಾಕಿ ಜೋರಾಗಿ ಓದಿದ್ರು, ಕ್ಲಾಸಲ್ಲಿ ಓದುವ ಹಾಗೆಯೇ. ನಂಜ, ಅಂದ್ರೆ ನೀರು ನಿಲ್ಲುವ ಗದ್ದೆ. ಮೂಡು ತೋಡು, ತೆಂಕು ಕಟ್ಟಪುಣಿ, ಪಡು ಬಾಕಿಮಾರು ಗದ್ದೆ. ಆ ಕಟ್ಟು ಎಂಟು ದಿನ ನನ್ನ ಬೈಕಿನ ಬ್ಯಾಗಲ್ಲೇ ಇತ್ತು. ಮಲಯಾಳದ ಹೊಸ ಆಧಾರದಲ್ಲಿ ಬರೆಯುವವ ಕಣ್ಣಿಗೆ ಕಂಡದ್ದನ್ನು ನೋಡಿ ತೋಟ ಅಂತ ಬರೆದಿದ್ದ, ನಾನು ಅದನ್ನೇ ನಂಬಿದ್ದೆ. ನಮಗೆ ಓದ್ಲಿಕ್ಕೆ ಬರುವ ಭಾಷೆಯಲ್ಲಿ ನಿಜ ಬರೆದಿಟ್ಟಿದ್ದ ಹಾಳೆಯನ್ನು ಹಳೇದು ಅಂತ ಬಿಡಿಸಿಯೂ ನೋಡಿರ್ಲಿಲ್ಲ.

ನನ್ನ ಕಮಿಷನ್ 30 ಸಾವಿರ ವಾಪಸ್ ಕೊಟ್ಟೆ, ಮಾಸ್ಟ್ರು ಬೇಡ ಅಂದ್ರು, ಟೀಚರಕ್ಕನ ಕೈಯಲ್ಲಿ ಇಟ್ಟು ಬಂದೆ. ಆ ಬ್ರೋಕರ್ "ಫಾರ್ಮ್ 5 ನಾನು ಸರಿ ಮಾಡಿಸ್ತೇನೆ" ಅಂತ ಮಾಸ್ಟ್ರ ಹತ್ತಿರ ಮತ್ತೆ 40 ಸಾವಿರ ತಕೊಂಡಿದ್ದ, ಈಗ ನಮ್ಮ ಇಬ್ಬರ ನಂಬರೂ ಬ್ಲಾಕ್. ಮಾಸ್ಟ್ರು ನನಗೆ ಒಂದು ಕೆಟ್ಟ ಮಾತು ಹೇಳ್ಲಿಲ್ಲ. ಆದ್ರೆ ಬ್ರಹ್ಮಕಲಶದ ಊಟದ ಪಂಕ್ತಿಯಲ್ಲಿ ಅವರ ಪಕ್ಕದಲ್ಲಿ ಕೂತ್ಕೊಳ್ಳಿಕ್ಕೆ ನನಗೆ ಕಾಲು ಬರ್ಲಿಲ್ಲ. ಮೊದಲು ಜಾಗ ಉಂಟಾ ಅಂತ ಕೇಳ್ತಿದ್ದ ನಾಲ್ಕೈದು ಮನೆಯವರು ಈಗ ಕೇಳುವುದಿಲ್ಲ, ಅವರದ್ದು ತಪ್ಪು ಅಂತ ನಾನು ಹೇಳುವುದಿಲ್ಲ.

ಈಗ ನಾನು ಯಾವ ಜಾಗ ಆದ್ರೂ ಅಡ್ವಾನ್ಸ್ ಮಾತಾಡುವ ಮೊದಲು ವಿಲ್ಲೇಜ್ ಆಫೀಸಲ್ಲಿ ಬಿಟಿಆರ್ (ಜಾಗದ ತರ ಬರೆದಿಡುವ ಮೂಲ ತೆರಿಗೆ ರಿಜಿಸ್ಟರ್) ನೋಡಿಸ್ತೇನೆ, ಸಬ್ ಡಿವಿಷನ್ ನಂಬರ್ ಸಮೇತ. ಕೃಷಿ ಭವನಕ್ಕೆ ಹೋಗಿ ಡಾಟಾ ಬ್ಯಾಂಕ್ ಪಟ್ಟಿಯಲ್ಲಿ ಅದೇ ನಂಬರ್ ಉಂಟಾ ಅಂತ ಕೇಳ್ತೇನೆ. ಪೇಪರನ್ನು ನನ್ನ ಮಗಳು ಓದಿ ಹೇಳ್ತಾಳೆ, ಅವಳಿಗೆ ಶಾಲೆಯಲ್ಲಿ ಮಲಯಾಳ ಕಲಿಸಿದ್ದಾರೆ. ನಿಮ್ಮ ಮನೆಯಲ್ಲೂ ಅಂಥ ಮಕ್ಕಳು ಇರ್ತಾರೆ, ಬ್ರೋಕರ್ ಓದಿ ಹೇಳುವುದು ಬೇಡ, ನಾನೇ ಆಗಿದ್ರೂ ಬೇಡ. ಇನ್ನೊಂದು, ಕಾಸರಗೋಡಲ್ಲಿ ಸರ್ಕಾರಿ ಆಫೀಸಿಗೆ ಕನ್ನಡದಲ್ಲಿ ಬರೆದು ಕೊಡುವ ಹಕ್ಕು 1969ರ ಭಾಷಾ ಕಾಯ್ದೆಯಲ್ಲೇ ನಮಗೆ ಉಂಟು. ಬಾಯಿಮಾತಲ್ಲಿ ಕೇಳಿ ಬರುವುದಕ್ಕಿಂತ ಕನ್ನಡದಲ್ಲೇ ಒಂದು ಮಾಹಿತಿ ಹಕ್ಕು ಅರ್ಜಿ ಬರೆದು, ಈ ಸರ್ವೆ ನಂಬರ್ ಡಾಟಾ ಬ್ಯಾಂಕಲ್ಲಿ ಉಂಟಾ ಇಲ್ವಾ ಅಂತ ಕೇಳಿ. ಹತ್ತು ರೂಪಾಯಿ ಫೀಸ್, ಮೂವತ್ತು ದಿನದಲ್ಲಿ ಉತ್ತರ ಕೊಡ್ಬೇಕು. ಜಾಗದವರು ಮೂವತ್ತು ದಿನ ಕಾಯುವುದಿಲ್ಲ ಅಂದ್ರೆ ಆ ಜಾಗವೇ ಬೇಡ.

ವಾಟ್ಸಾಪಲ್ಲಿ ಬಂದ ಫೋಟೋ ಇನ್ನೊಮ್ಮೆ ನೋಡಿ. ಎರಡನೇ ಫೋಟೋದಲ್ಲಿ ಎಡಬದಿ, ತೋಡಿನ ಹತ್ತಿರ, ಪಾಚಿ ಹಿಡಿದ ಕೆಂಪುಕಲ್ಲಿನ ರಾಶಿ ಕಾಣ್ತದೆ. ಅದು ಮಾಸ್ಟ್ರು ಮನೆಗೆ ಅಂತ ತರಿಸಿದ ಕಲ್ಲು. ಮಾರ್ತಾ ಇರುವುದು ಅದರ ಈಚೆ ಬದಿಯ 12 ಸೆಂಟ್ಸ್.